ವಿಷಾದದ ಮೇಲೆ ದಂಡೆತ್ತಿ ಹೋದವರು

ಬೆಂಗಳೂರಿನ ಪಶ್ಚಿಮ ದಿಕ್ಕಿನ ಬಡಾವಣೆಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದರೆ ನಮ್ಮ ಚರಿತ್ರೆಯನ್ನೇ ಪಾರಾಯಣ ಮಾಡಿದಂತಾಗುತ್ತದೆ. ವಿಜಯನಗರವೆಂದಾಗ ತುಂಗಭದ್ರೆಯ ದಡದ ಸಾಮ್ರಾಜ್ಯ ಕಣ್ಮುಂದೆ ನಿಲ್ಲುತ್ತದೆ. ಬಸವೇಶ್ವರನಗರವೆಂದಾಗ ಕಲ್ಯಾಣದ ಮಹಾಮನೆ ಬೆಳಗಿ ಬಿಜ್ಜಳನ ಸಿಂಹಾಸನ ಕುಸಿದ ಹನ್ನೆರಡನೆಯ ಶತಮಾನ ನೆನಪಾಗುತ್ತದೆ. ರಾಜಾಜಿನಗರವು ಭಾರತದ ಕೊನೆಯ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತಿದೆ. ಕೆಂಗೇರಿಯೋ ಮೈಸೂರಿನ ಹೆದ್ದಾರಿಯ ಮೇಲೆ ತಲೆಮಾರುಗಳ ಪಯಣಿಗರನ್ನು ಕಂಡ ಹಳೆಯ ಊರು. ಇವುಗಳ ಮಗ್ಗುಲಲ್ಲಿ ಹರಿಯುವ ವೃಷಭಾವತಿ ಒಂದು ಕಾಲಕ್ಕೆ ತಿಳಿನೀರಿನ ಹೊಳೆ. ಇಂದು ಊರಿನ ಕೊಳೆಯನ್ನೆಲ್ಲ ಹೊತ್ತು ಕೆಂಗೇರಿಯನ್ನು ದಾಟಿ ಅರ್ಕಾವತಿಯ ಕಡೆಗೆ ಸಾಗುತ್ತಾಳೆ. ರಾಜ್ಯಗಳಿಗೂ ನದಿಗಳಿಗೂ ಏಳು-ಬೀಳುಗಳುಂಟೆಂದು ಇಲ್ಲಿ ಹುಟ್ಟಿ ಬೆಳೆದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ನಾನು ಇಂದು ನಿರೂಪಿಸಹೊರಟಿರುವುದು ಇದೇ ಬಡಾವಣೆಗಳ ಮನೆಗಳೊಳಗೂ ನಡೆದ, ಯಾವ ವೀರಗಲ್ಲೂ ಸಾರದ ಒಂದು ಸಮರದ ಕಥನವನ್ನು. ಶತ್ರುವಿನ ಹೆಸರು ವಿಷಾದ. ವೈದ್ಯರು ಅದನ್ನು ಖಿನ್ನತೆಯೆಂದರು. ಅದರ ಒಡಹುಟ್ಟಿಗೆ ಆತಂಕವೆಂದರು. ಅದರ ಮೇಲೆ ದಂಡೆತ್ತಿ ಹೋದ ಔಷಧಗಳು ಹಲವು. ಪ್ರತಿಯೊಂದೂ ಚಕ್ರವರ್ತಿಯಂತೆ ಬಿರುದುಬಾವಲಿಗಳೊಡನೆ ಬಂದಿತು, ಕೆಲವು ಕಾಲ ಆಳಿತು, ಮತ್ತೊಂದಕ್ಕೆ ಗದ್ದುಗೆ ಬಿಟ್ಟುಕೊಟ್ಟಿತು. ಆ ಪಟ್ಟಾಭಿಷೇಕಗಳನ್ನು ಜಗತ್ತು ಬರೆದಿಟ್ಟಿದೆ; ಆ ದಂಡಯಾತ್ರೆಗಳ ಮುಂಚೂಣಿಯಲ್ಲಿ ತಮ್ಮ ದೇಹವನ್ನೇ ಒಡ್ಡಿ ನಿಂತ ರೋಗಿಗಳನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಅವರ ವಾರಸುದಾರರು ನಾವು.

ಈ ವೈರಿ ಹೊಸಬನಲ್ಲ. ಕುರುಕ್ಷೇತ್ರದಲ್ಲಿ ಎರಡು ಸೇನೆಗಳ ನಡುವೆ ಗಾಂಡೀವ ಜಾರಿಬಿಟ್ಟ ವೀರನ ಸ್ಥಿತಿಗೆ ಗೀತೆಯ ಮೊದಲ ಅಧ್ಯಾಯವೇ ವಿಷಾದಯೋಗವೆಂಬ ಹೆಸರನ್ನು ಕೊಟ್ಟಿದೆ. ಚರಕ ಸಂಹಿತೆಯು ಮನಸ್ಸಿನ ವಿಕಾರಗಳನ್ನು ಉನ್ಮಾದವೆಂದು ಕರೆದು ವಾತ, ಪಿತ್ತ, ಕಫ, ಸನ್ನಿಪಾತ, ಆಗಂತುಕವೆಂದು ಐದು ಬಗೆಯಾಗಿ ವಿಂಗಡಿಸಿತು. ನಮ್ಮ ನುಡಿಯಲ್ಲಿಯೇ, ವಿಜಯನಗರವು ಬಾಲ್ಯದಲ್ಲಿದ್ದ ಹದಿನಾಲ್ಕನೆಯ ಶತಮಾನದಲ್ಲಿ, ಮಂಗರಾಜನೆಂಬ ಜೈನ ಕವಿ ‘ಖಗೇಂದ್ರಮಣಿದರ್ಪಣ’ವೆಂಬ ವೈದ್ಯಗ್ರಂಥವನ್ನು ಕಾವ್ಯರೂಪದಲ್ಲಿ ರಚಿಸಿದನು. ಗಿಡಮೂಲಿಕೆಗಳ ಸ್ಥಾವರ ವಿಷ, ಹಾವು-ಚೇಳುಗಳ ಜಂಗಮ ವಿಷ, ಇವೆರಡರ ಲಕ್ಷಣವನ್ನೂ ಪರಿಹಾರವನ್ನೂ ಕನ್ನಡದಲ್ಲಿ ಹೇಳಿದ ಆ ವೈದ್ಯಕವಿಯ ಮರಿಮಕ್ಕಳಿಗೆ ಒಂದು ಸತ್ಯ ರಕ್ತಗತವಾಗಿರಬೇಕು: ಔಷಧಕ್ಕೂ ವಿಷಕ್ಕೂ ನಡುವಣ ಗಡಿರೇಖೆ ಬಹಳ ತೆಳುವಾದದ್ದು, ಅದನ್ನು ಎಳೆಯುವುದು ಪ್ರಮಾಣ, ಅದನ್ನು ಕಾಣಿಸುವುದು ಪರೀಕ್ಷೆ. ಈ ಕಥನದಲ್ಲಿ ಏರಿದವರೂ ಬಿದ್ದವರೂ ಆ ಗೆರೆಯ ಮೇಲೆಯೇ ಏರಿದರು, ಆ ಗೆರೆಯ ಮೇಲೆಯೇ ಬಿದ್ದರು.

ಆಂಗ್ಲ ಕಮಿಷನರುಗಳು ಮೈಸೂರನ್ನು ಆಳುತ್ತಿದ್ದ ದಿನಗಳಲ್ಲಿ, ಮಾರ್ಕ್ ಕಬ್ಬನ್ ಅಧಿಕಾರದಲ್ಲಿದ್ದಾಗ, 1847ರಲ್ಲಿ ಬೆಂಗಳೂರಿನಲ್ಲಿ ಲುನಾಟಿಕ್ ಅಸೈಲಮ್ ಎಂಬ ಆಶ್ರಯವು ತೆರೆಯಿತು. ಜನ ಅದನ್ನು ಹುಚ್ಚಾಸ್ಪತ್ರೆಯೆಂದರು. ಆ ಶಬ್ದ ಮುಂದೆ ನಾಲ್ಕಾರು ತಲೆಮಾರುಗಳ ಬೆನ್ನು ಬಿಡಲಿಲ್ಲ. ಆ ಕಾಲದ ಚಿಕಿತ್ಸೆಯೆಂದರೆ ಗೋಡೆ, ಅನ್ನ, ಕೆಲಸ ಮತ್ತು ಕಾಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1925ರಲ್ಲಿ, ಸರ್ಕಾರವು ಆ ಹಳೆಯ ಹೆಸರನ್ನು ಅಳಿಸಿ ಮಾನಸಿಕ ಆಸ್ಪತ್ರೆಯೆಂದು ಕರೆಯಿತು. ಸೂಪರಿಂಟೆಂಡೆಂಟ್ ಆಗಿದ್ದ ಡಾ. ಫ್ರಾಂಕ್ ನೊರೊನ್ಹಾ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ ಆಸ್ಪತ್ರೆಯು ಪೇಟೆಯ ಇಕ್ಕಟ್ಟನ್ನು ಬಿಟ್ಟು ಲಕ್ಕಸಂದ್ರದ ವಿಶಾಲ ಬಯಲಿಗೆ ಬಂದಿತು. ಅವರ ನಂತರ ಅಧಿಕಾರ ವಹಿಸಿಕೊಂಡ ಡಾ. ಎಂ. ವಿ. ಗೋವಿಂದಸ್ವಾಮಿಯವರು ಪಶ್ಚಿಮದ ಮನೋವೈದ್ಯವನ್ನು ಅರಗಿಸಿಕೊಂಡವರು, ಪೂರ್ವದ ದರ್ಶನಗಳನ್ನೂ ಬಿಡದವರು, ಎರಡನ್ನೂ ಪ್ರಶ್ನಿಸುವ ಎದೆಯುಳ್ಳವರು. ಆಗ ಯುರೋಪಿನಿಂದ ಒಂದರ ಹಿಂದೊಂದು ಆಯುಧಗಳು ಬರುತ್ತಿದ್ದವು: ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಕಾರ್ಡಿಯಾಜೋಲ್ ಚುಚ್ಚಿ ಸೆಳವು ಬರಿಸುವುದು, 1938ರಲ್ಲಿ ರೋಮಿನಲ್ಲಿ ಮೊದಲಾದ ವಿದ್ಯುತ್ ಚಿಕಿತ್ಸೆ, ಜೊತೆಗೆ ಮಿದುಳಿನ ಮುಂಭಾಗದ ನರತಂತುಗಳನ್ನೇ ಕತ್ತರಿಸುವ ಲ್ಯೂಕೊಟಮಿ. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯ ಬಾಲಕೃಷ್ಣರಾಯರೂ ಈ ಕೊನೆಯ ಚಿಕಿತ್ಸೆಯನ್ನು ಬೆಂಗಳೂರಿನ ರೋಗಿಗಳ ಮೇಲೆ ನಡೆಸಿ 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಮಹಾಯುದ್ಧದ ನಡುವೆ ಮೈಸೂರು ಸಂಸ್ಥಾನದ ಆಸ್ಪತ್ರೆಯೊಂದರ ಅನುಭವ ಜಗತ್ತಿನ ವೈದ್ಯಸಭೆಗೆ ತಲುಪಿತೆಂಬುದು ನಮ್ಮ ಹೆಮ್ಮೆ. ಆ ಶಸ್ತ್ರ ಮುಂದೆ ಜಗತ್ತಿನಾದ್ಯಂತ ಕೈಬಿಟ್ಟುಹೋಯಿತೆಂಬುದೂ, ಅದರ ಅಲಗಿಗೆ ತಲೆಯೊಡ್ಡಿದವರ ಹೆಸರು ನಮಗೆ ತಿಳಿಯದೆಂಬುದೂ ಅದೇ ಚರಿತ್ರೆಯ ಮಾತು. ಹೆಮ್ಮೆಯ ಜೊತೆಗೆ ಅದನ್ನೂ ಹೊತ್ತುಕೊಳ್ಳದವನು ಪೂರ್ಣ ವಾರಸುದಾರನಾಗಲಾರ.

ಆದರೆ ಶಸ್ತ್ರದ ಯುಗವನ್ನು ಹಿಂದೆ ಸರಿಸಿದ ಔಷಧರಾಜರಲ್ಲಿ ಒಬ್ಬನು ಹುಟ್ಟಿದ್ದು ನಮ್ಮ ದೇಶದ ನೆಲದೊಳಗೇ. ಪಶ್ಚಿಮಘಟ್ಟದ ತೇವದ ನೆರಳಿನಲ್ಲಿಯೂ ಬೆಳೆಯುವ ಸರ್ಪಗಂಧದ ಬೇರನ್ನು ನಾಟಿವೈದ್ಯರು ಹಾವಿನ ವಿಷಕ್ಕೂ ಕೆರಳಿದ ಮನಸ್ಸಿಗೂ ಕೊಡುತ್ತ ಬಂದಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಕಲ್ಕತ್ತೆಯ ವೈದ್ಯರು ಅದು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. ಅದೇ ಕಾಲಕ್ಕೆ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಆ ಬೇರಿನಿಂದ ಸಾರಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ಗೌರವಾರ್ಥ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದಾಗ ಪಶ್ಚಿಮ ಕಣ್ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರ ತಿರುಳಾದ ರೆಸರ್ಪಿನ್ ಅನ್ನು ಹೊರತೆಗೆದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ತಮ್ಮ ಆಸ್ಪತ್ರೆಯ ರೋಗಿಗಳಿಗೆ ಅದನ್ನು ಕೊಟ್ಟು ಫಲ ಕಂಡರು. 1957ರ ಲಾಸ್ಕರ್ ಪ್ರಶಸ್ತಿಯ ಗೌರವದಲ್ಲಿ ವಕೀಲರಿಗೂ ಪಾಲು ದೊರೆಯಿತು. ಹಳ್ಳಿಯ ವೈದ್ಯನ ಜೋಳಿಗೆಯಿಂದ ಹೊರಟ ಬೇರು ಹೀಗೆ ದಿಗ್ವಿಜಯ ಮಾಡಿತು. ಆ ವಿಜಯದ ಉತ್ತುಂಗದಲ್ಲಿಯೇ ಪತನದ ಬೀಜವೂ ಮೊಳೆಯಿತು: ರಕ್ತದೊತ್ತಡಕ್ಕೆಂದು ರೆಸರ್ಪಿನ್ ನುಂಗಿದ ಕೆಲವರು ಕಾರಣವಿಲ್ಲದೆ ಕುಗ್ಗಿಹೋದರು, ಬದುಕಿನ ಮೇಲೆ ಬೇಸರಗೊಂಡರು ಎಂಬ ವರದಿಗಳು ಬರತೊಡಗಿದವು. ಮನಸ್ಸಿಗೆ ಶಾಂತಿ ಕೊಡುವೆನೆಂದ ರಾಜನೇ ಮನಸ್ಸನ್ನು ಬರಿದುಮಾಡುವನೇ ಎಂಬ ಸಂಶಯ ಹುಟ್ಟಿತು. 1955ರಲ್ಲಿ ಅಮೆರಿಕದ ಬ್ರೋಡೀ ಮತ್ತು ಸಂಗಡಿಗರು ಪ್ರಾಣಿಗಳಲ್ಲಿ ಇದು ಸೆರೊಟೊನಿನ್ ಎಂಬ ದ್ರವ್ಯದ ಸಂಗ್ರಹವನ್ನು ಬರಿದುಮಾಡುವುದನ್ನು ತೋರಿಸಿದರು. ಬಿದ್ದ ರಾಜನು ಬೀಳುವಾಗ ಬೊಕ್ಕಸದ ಬೀಗದ ಕೈಯನ್ನು ಬಿಟ್ಟುಹೋದನು. ಮುಂದಿನ ಅರ್ಧ ಶತಮಾನದ ಸಂಶೋಧನೆಯೆಲ್ಲ ಆ ಕೀಲಿಯನ್ನು ಹಿಡಿದೇ ನಡೆಯಿತು.

ಅತ್ತ ರೆಸರ್ಪಿನ್ ಇಳಿಯುತ್ತಿದ್ದಂತೆ ಇತ್ತ ಇಬ್ಬರು ಹೊಸ ಅರಸರು ಎದ್ದುಬಂದರು. ಇಬ್ಬರೂ ಬೇರೆ ಯುದ್ಧಕ್ಕೆಂದು ಹೊರಟು ಈ ರಣರಂಗಕ್ಕೆ ದಾರಿ ತಪ್ಪಿ ಬಂದವರು. 1952ರಲ್ಲಿ ನ್ಯೂಯಾರ್ಕಿನ ಸ್ಟ್ಯಾಟನ್ ದ್ವೀಪದ ಸೀ ವ್ಯೂ ಕ್ಷಯ ಆಸ್ಪತ್ರೆಯಲ್ಲಿ ಐಪ್ರೋನಿಯಜಿಡ್ ಎಂಬ ಕ್ಷಯದ ಮದ್ದನ್ನು ಪರೀಕ್ಷಿಸುತ್ತಿದ್ದಾಗ, ಹಾಸಿಗೆ ಹಿಡಿದಿದ್ದವರಲ್ಲಿ ಉತ್ಸಾಹ ಉಕ್ಕಿತು. ಹಸಿವು ಮರಳಿತು, ನಗು ಮರಳಿತು. ನಮ್ಮ ಬೆಂಗಳೂರಿನಲ್ಲಿಯೂ ಕ್ಷಯದ ಆಸ್ಪತ್ರೆ ಮಾನಸಿಕ ಆಸ್ಪತ್ರೆಯ ನೆರೆಯಲ್ಲೇ ಇದೆ. ದೇಹದ ಸವೆತಕ್ಕೂ ಮನಸ್ಸಿನ ಸವೆತಕ್ಕೂ ನಡುವೆ ಒಂದೇ ಗೋಡೆಯೆಂದು ಹೊಸೂರು ರಸ್ತೆಯ ಬಸ್ಸಿನ ಪ್ರಯಾಣಿಕನೂ ಬಲ್ಲ. ಎರಡನೆಯವನು ಇಮಿಪ್ರಮೈನ್. ಬಾಸೆಲಿನ ಗೈಗಿ ಕಂಪನಿ ಬೇರೊಂದು ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಳುಹಿಸಿದ ಈ ವಸ್ತು ಖಿನ್ನತೆಯನ್ನು ಎತ್ತುವುದನ್ನು ಸ್ವಿಟ್ಜರ್ಲೆಂಡಿನ ಮುನ್‌ಸ್ಟರ್‌ಲಿಂಗನ್ ಆಸ್ಪತ್ರೆಯ ರೋಲಂಡ್ ಕೂನ್ ಗುರುತಿಸಿ, 1957ರ ಜ್ಯೂರಿಕ್ ಮಹಾಸಮ್ಮೇಳನದಲ್ಲಿ ಬೆರಳೆಣಿಕೆಯ ಶ್ರೋತೃಗಳ ಮುಂದೆ ಹೇಳಿದರು. ಒಂದು ಔಷಧವು ನರಕೋಶದ ದ್ರವ್ಯಗಳನ್ನು ಒಡೆಯುವ ಕಿಣ್ವವನ್ನು ತಡೆದು ಬೊಕ್ಕಸ ಸೋರದಂತೆ ಮಾಡಿತು. ಮತ್ತೊಂದು, ಹೊರಬಿದ್ದ ದ್ರವ್ಯ ಹಿಂದಕ್ಕೆ ಹೀರಿಹೋಗುವ ಬಾಗಿಲನ್ನೇ ಮುಚ್ಚಿತು. ಐಪ್ರೋನಿಯಜಿಡ್ ಯಕೃತ್ತಿಗೆ ಕಾಮಾಲೆ ತಂದ ಅಪವಾದ ಹೊತ್ತು ಬೇಗನೆ ಪದಚ್ಯುತವಾಯಿತು. ಇಮಿಪ್ರಮೈನ್ ನಿಂತಿತು, ಇಂದಿಗೂ ನಿಂತಿದೆ. ಆದರೆ ಆ ಕೀರ್ತಿಯ ತಳದಲ್ಲಿ ಹೂತಿದ್ದುದು 2019ರಲ್ಲಿ ಇತಿಹಾಸಕಾರರ ಶೋಧದಿಂದ ಬೆಳಕಿಗೆ ಬಂದಿತು: ಆ ಒಂದೇ ಆಸ್ಪತ್ರೆಯಲ್ಲಿ ದಶಕಗಳ ಕಾಲ ಕನಿಷ್ಠ 67 ಪ್ರಾಯೋಗಿಕ ವಸ್ತುಗಳನ್ನು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಕೊಡಲಾಗಿತ್ತು, ಬಹುತೇಕರಿಗೆ ಅದು ಪ್ರಯೋಗವೆಂಬ ಅರಿವೇ ಇರಲಿಲ್ಲ. ಜಗತ್ತಿಗೆ ಆರೋಗ್ಯ ದೊರೆತ ದಾರಿಯ ಕಲ್ಲುಗಳು ಕೇಳದೆ ಎತ್ತಿಟ್ಟ ಕಲ್ಲುಗಳು.

ಈ ಹೊತ್ತಿಗೆ ಬೆಂಗಳೂರು ತನ್ನ ಮಹತ್ತಿನ ಮೆಟ್ಟಿಲೇರುತ್ತಿತ್ತು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ಶಿಫಾರಸಿನ ಫಲವಾಗಿ 1954ರಲ್ಲಿ ಮಾನಸಿಕ ಆಸ್ಪತ್ರೆಯ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಉದಯಿಸಿತು; ಗೋವಿಂದಸ್ವಾಮಿಯವರೇ ಅದರ ಸ್ಥಾಪಕ ನಿರ್ದೇಶಕರಾದರು. ದೇಶದ ಮೂಲೆಮೂಲೆಯಿಂದ ವೈದ್ಯರು ಮನೋರೋಗವನ್ನು ಕಲಿಯಲು ಇಲ್ಲಿಗೆ ಬಂದರು, ಆಯುರ್ವೇದದ ಸಂಶೋಧನಾ ಘಟಕವೂ ಅದೇ ಆವರಣದಲ್ಲಿ ನೆಲೆಗೊಂಡಿತು. ಊರಿನ ಪಶ್ಚಿಮದಲ್ಲಿ ಅದೇ ದಶಕಗಳಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶ ಏಳುತ್ತಿತ್ತು: ಗಂಧದ ಸಾಬೂನಿನ ಪರಿಮಳ, ಲೇತ್ ಯಂತ್ರಗಳ ಸದ್ದು, ಮೂರು ಪಾಳಿಯ ಸೈರನ್. ಆ ಕಾರ್ಮಿಕರಿಗೆಂದೇ ಬಂದ ಇಎಸ್‌ಐ ಆಸ್ಪತ್ರೆಯ ಹೊರಾಂಗಣದಲ್ಲಿ ಎದೆಬಡಿತ, ತಲೆಸುತ್ತು, ನಿದ್ದೆಗೇಡುಗಳ ದೂರು ಹೊತ್ತು ಕೂತವರೆಲ್ಲರ ಹೃದಯವೂ ಕೆಟ್ಟಿರಲಿಲ್ಲ; ಎಷ್ಟೋ ಮಂದಿಯೊಳಗೆ ಹೆಸರಿಲ್ಲದ ಆತಂಕ ಮನೆಮಾಡಿತ್ತು. ಆ ಆತಂಕದ ಮೇಲೆ ಜಗತ್ತು ಬೇರೊಂದು ಸೇನೆಯನ್ನು ಕಳುಹಿಸಿತ್ತು. 1955ರಲ್ಲಿ ಅಮೆರಿಕದಲ್ಲಿ ಮೆಪ್ರೊಬಮೇಟ್ ಬಂದಾಗ ಅಂಗಡಿಗಳ ಮುಂದೆ ಜನ ಮುಗಿಬಿದ್ದರು. ಲಿಯೊ ಸ್ಟರ್ನ್‌ಬಾಕ್ ಕಂಡುಹಿಡಿದ ಲಿಬ್ರಿಯಂ 1960ರಲ್ಲಿ, ವ್ಯಾಲಿಯಂ 1963ರಲ್ಲಿ ಮಾರುಕಟ್ಟೆಗೆ ಬಂದು ಅದನ್ನು ಪಕ್ಕಕ್ಕೆ ಸರಿಸಿದವು. ಡಯಾಜೆಪಾಮ್ ಎಂಬ ಆ ವ್ಯಾಲಿಯಂ ನಮ್ಮಲ್ಲಿ ಕಾಂಪೋಸ್ ಎಂಬ ಹೆಸರಿನಿಂದ ಮನೆಮಾತಾಯಿತು. ಪರೀಕ್ಷೆಯ ಹಿಂದಿನ ರಾತ್ರಿಗೂ ಮಗಳ ಮದುವೆಯ ಹಿಂದಿನ ರಾತ್ರಿಗೂ ಅರ್ಧ ಕಾಂಪೋಸ್ ಎಂಬ ಮಾತು ಮಧ್ಯಮವರ್ಗದ ಮನೆಗಳ ನುಡಿಗಟ್ಟಿಗೇ ಸೇರಿಹೋಯಿತು.

ರಾಜಾಜಿನಗರದ ನನ್ನ ದೊಡ್ಡಮ್ಮನ ಅಡುಗೆಮನೆಯ ಮೇಲಿನ ಅಟ್ಟಣೆಯಲ್ಲಿ ಸಾಸಿವೆ ಡಬ್ಬಿಯ ಹಿಂದೆ ಒಂದು ಹಿತ್ತಾಳೆಯ ಕುಂಕುಮದ ಭರಣಿಯಿತ್ತು. ಅದರಲ್ಲಿ ಕುಂಕುಮವಿರಲಿಲ್ಲ. ದೊಡ್ಡಪ್ಪ ರಾತ್ರಿ ಪಾಳಿಗೆ ಹೋದ ಮೇಲೆ, ಮಕ್ಕಳೆಲ್ಲ ಮಲಗಿದ ಮೇಲೆ, ಅವಳು ಮಣೆಯ ಮೇಲೆ ನಿಂತು ಕೈಚಾಚಿ ಭರಣಿಯನ್ನಿಳಿಸಿ ಒಂದು ನಿದ್ದೆ ಮಾತ್ರೆಯನ್ನು ಈಳಿಗೆಮಣೆಯ ಅಂಚಿಗೆ ಒತ್ತಿ ಎರಡು ಹೋಳು ಮಾಡುತ್ತಿದ್ದಳು. ಒಂದು ಹೋಳು ಬಾಯಿಗೆ, ಒಂದು ಹೋಳು ಮರಳಿ ಭರಣಿಗೆ. ‘ಏನದು ದೊಡ್ಡಮ್ಮ?’ ಎಂದು ಕೇಳಿದ ನನಗೆ ‘ತಲೆನೋವಿಂದು ಕಣೋ, ನಿನ್ ಪಾಡಿಗ್ ಮಲ್ಕೋ’ ಎಂದಿದ್ದಳು. ಕೆಲವು ವರ್ಷಗಳ ನಂತರ ಹೋಳು ಮಾಡುವುದು ನಿಂತಿತು. ಒಂದು ಪೂರ್ತಿ ಬೇಕಾಯಿತು, ಆಮೇಲೆ ಎರಡು. ಈ ಜಾತಿಯ ಮಾತ್ರೆಗಳನ್ನು ದೀರ್ಘಕಾಲ ನುಂಗಿದರೆ ದೇಹ ಅದಕ್ಕೆ ಅಡಿಯಾಳಾಗುತ್ತದೆ, ತಟ್ಟನೆ ಬಿಟ್ಟರೆ ಕೈನಡುಕವೂ ನಿದ್ದೆಗೇಡೂ ಇಮ್ಮಡಿಸಿ ಮರಳುತ್ತವೆ ಎಂದು ವೈದ್ಯಲೋಕ ಗಟ್ಟಿಯಾಗಿ ಹೇಳುವ ಹೊತ್ತಿಗೆ ಅವಳ ಆಯುಷ್ಯ ಮುಗಿಯುತ್ತ ಬಂದಿತ್ತು. ಅವಳಿಗೆ ಏನಾಗಿತ್ತೆಂದು ಅವಳು ಯಾರಿಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಹಾಸಾಮ್ರಾಜ್ಯಗಳ ಪತನ ಕೋಟೆಯ ಗೋಡೆಯ ಮೇಲೆ ಕಾಣುತ್ತದೆ. ಈ ಸಾಮ್ರಾಜ್ಯದ ಪತನ ನನಗೆ ಕಂಡದ್ದು ಒಂದು ಹಿತ್ತಾಳೆಯ ಭರಣಿಯ ತಳದಲ್ಲಿ.

1974ರ ಡಿಸೆಂಬರ್ 27ರಂದು ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಜನ್ಮತಾಳಿತು, ನರಶಸ್ತ್ರವೈದ್ಯ ಡಾ. ಆರ್. ಎಂ. ವರ್ಮ ಅದರ ಚುಕ್ಕಾಣಿ ಹಿಡಿದರು. ಈ ಸಂಸ್ಥೆಯ ಹಿರಿಮೆಯನ್ನು ಅದರ ಕಟ್ಟಡಗಳಲ್ಲಿ ಅಳೆಯಬಾರದು. ಅದು ಗೋಡೆಯಾಚೆಗೆ ನಡೆದು ಹೋದದ್ದರಲ್ಲಿ ಅಳೆಯಬೇಕು. ಇಲ್ಲಿ ಪ್ರಾಧ್ಯಾಪಕರಾದ ಡಾ. ಆರ್. ಎಲ್. ಕಪೂರ್ ಅದಕ್ಕೂ ಮೊದಲೇ ಮನೋವೈದ್ಯ ಕಾರ್‌ಸ್ಟೇರ್ಸ್ ಜೊತೆಗೂಡಿ ನಮ್ಮ ಕರಾವಳಿಯ ಕೋಟದಲ್ಲಿ ಮನೆಮನೆಗೂ ಹೋಗಿ ಜನರ ಮನೋವ್ಯಥೆಯನ್ನು ಅಳೆದಿದ್ದರು. 1976ರಲ್ಲಿ ಅದು ಗ್ರಂಥವಾಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯನ ಕೈಗೇ ಮನೋರೋಗದ ಮಾತ್ರೆಗಳನ್ನು ಕೊಟ್ಟು ನಡೆಸಿದ ಯೋಜನೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪರೀಕ್ಷೆಯ ಧರ್ಮವೂ ಇಲ್ಲಿ ಪಕ್ವವಾಯಿತು. 1982ರಲ್ಲಿ ಗಂಗಾಧರ್, ಕಪೂರ್, ಕಲ್ಯಾಣಸುಂದರಂ ಅವರು ವಿದ್ಯುತ್ ಚಿಕಿತ್ಸೆಯನ್ನೂ ಇಮಿಪ್ರಮೈನನ್ನೂ ಮುಖಾಮುಖಿ ನಿಲ್ಲಿಸಿದ ರೀತಿಯನ್ನು ಓದುಗರು ಗಮನಿಸಬೇಕು. ಒಂದು ಗುಂಪಿಗೆ ನಿಜವಾದ ವಿದ್ಯುತ್ತು, ಜೊತೆಗೆ ಸತ್ತ್ವವಿಲ್ಲದ ಹುಸಿಮಾತ್ರೆ. ಮತ್ತೊಂದು ಗುಂಪಿಗೆ ನಿಜವಾದ ಮಾತ್ರೆ, ಜೊತೆಗೆ ಅರಿವಳಿಕೆಯಲ್ಲಿ ವಿದ್ಯುತ್ತು ಹಾಯಿಸದ ಹುಸಿಚಿಕಿತ್ಸೆ. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ತಿಳಿಯದು, ಅವನ ಚೇತರಿಕೆಯನ್ನು ಅಳೆಯುವವನಿಗೂ ತಿಳಿಯದು. 2000ದಲ್ಲಿ ಜಾನಕಿರಾಮಯ್ಯ, ಗಂಗಾಧರ್ ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾದ 45 ರೋಗಿಗಳನ್ನು ಹದಿನೈದು ಹದಿನೈದರಂತೆ ಮೂರು ಪಾಲು ಮಾಡಿ ವಿದ್ಯುತ್ ಚಿಕಿತ್ಸೆ, ಇಮಿಪ್ರಮೈನ್, ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸ, ಈ ಮೂರನ್ನು ನಾಲ್ಕು ವಾರ ಹೋಲಿಸಿದರು. ಗುಣ ಕಂಡವರು ಕ್ರಮವಾಗಿ ಶೇ. 93, 73 ಮತ್ತು 67. ಉಸಿರಾಟದ ಕ್ರಿಯೆ ಮಾತ್ರೆಯ ಹತ್ತಿರ ಬಂತೆಂಬುದನ್ನೂ, ವಿದ್ಯುತ್ತು ಎರಡಕ್ಕಿಂತ ಮುಂದೆ ನಿಂತಿತೆಂಬುದನ್ನೂ ಅವರು ಒಂದೇ ಪುಟದಲ್ಲಿ ಬರೆದರು. ತನ್ನ ನಾಡಿನ ವಿದ್ಯೆಯನ್ನು ಪ್ರೀತಿಸುವವನು ಅದನ್ನು ತಕ್ಕಡಿಗೆ ಹಾಕಲು ಅಂಜಬಾರದೆಂಬ ಪಾಠ ಅಲ್ಲಿದೆ.

ಈ ನಡುವೆ ಫ್ಲುಯೊಕ್ಸೆಟಿನ್‌ನ ಆಳ್ವಿಕೆ ಮೊದಲಾಗಿತ್ತು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧ ಸೆರೊಟೊನಿನ್ ಒಂದನ್ನೇ ಗುರಿಯಿಟ್ಟು, ಹಳಬರಷ್ಟು ಬಾಯಿ ಒಣಗಿಸದೆ, ಅತಿಯಾದ ಪ್ರಮಾಣದಲ್ಲಿಯೂ ಅವರಷ್ಟು ಪ್ರಾಣಾಂತಿಕವಾಗದೆ, ಜಗತ್ತನ್ನು ಗೆದ್ದಿತು. ನಮ್ಮ ನಾಡಿನಲ್ಲಿ ಅದು ಬಡವನ ಕೈಗೂ ಎಟುಕಿದ್ದಕ್ಕೆ ಒಂದು ರಾಜನೀತಿಯ ಕಾರಣವಿದೆ. 1970ರ ಪೇಟೆಂಟ್ ಕಾಯಿದೆಯು ಔಷಧದ ವಸ್ತುವಿಗೆ ಏಕಸ್ವಾಮ್ಯ ಕೊಡದೆ ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ಆದ್ದರಿಂದ ನಮ್ಮ ತಯಾರಕರು ಬೇರೆ ದಾರಿಯಿಂದ ಅದೇ ಮದ್ದನ್ನು ಅಗ್ಗವಾಗಿ ಮಾಡಿದರು. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಬಹುಕಾಲ ಕಚೇರಿ ಹೊಂದಿದ್ದು ಪೀಣ್ಯದಲ್ಲಿ ಕಾರ್ಖಾನೆ ನಡೆಸುವ ಸಾರ್ವಜನಿಕ ಸಂಸ್ಥೆ ಕರ್ನಾಟಕ ಆಂಟಿಬಯಾಟಿಕ್ಸ್ ಅದೇ ಸ್ವಾವಲಂಬನೆಯ ಯುಗದ ಕೂಸು. 2005ರಲ್ಲಿ ಕಾಯಿದೆ ಬದಲಾಗಿ ಹೊಸ ವಸ್ತುಗಳಿಗೆ ಏಕಸ್ವಾಮ್ಯ ಮರಳಿತು. ಅಂದಿನಿಂದ ಹಳೆಯ ಔಷಧ ಅಗ್ಗ, ಹೊಸ ಔಷಧ ದುಬಾರಿ ಎಂಬ ಎರಡು ರಾಜ್ಯಗಳಾದವು. ಗದ್ದುಗೆಯ ಬುಡವೂ ಅಲುಗತೊಡಗಿತ್ತು. ಅಮೆರಿಕದಲ್ಲಿ ನಾಲ್ಕು ಸಾವಿರ ರೋಗಿಗಳನ್ನು ಅನುಸರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಮಾತ್ರೆಯಿಂದ ಪೂರ್ಣ ಗುಣ ಕಂಡವರು ಮೂರರಲ್ಲೊಬ್ಬರು ಮಾತ್ರ. ಸೆರೊಟೊನಿನ್ ಕೊರತೆಯೇ ಖಿನ್ನತೆಯ ಕಾರಣವೆಂಬ ಸಿದ್ಧಾಂತಕ್ಕೆ ಗಟ್ಟಿ ಆಧಾರವಿಲ್ಲವೆಂದು 2022ರ ಒಂದು ಸಮೀಕ್ಷೆ ವಾದಿಸಿತು. ಮಾತ್ರೆ ಎಷ್ಟೋ ಜನರನ್ನು ಎತ್ತಿ ನಿಲ್ಲಿಸುತ್ತದೆ. ಏಕೆ ನಿಲ್ಲಿಸುತ್ತದೆಂಬ ನಮ್ಮ ವಿವರಣೆ ಮಾತ್ರ ಇನ್ನೂ ಕುಂಟುತ್ತಿದೆ. ಕೋಟೆ ನಿಂತಿದೆ, ಅಡಿಪಾಯದ ನಕ್ಷೆ ಕಳೆದುಹೋಗಿದೆ.

ಆ ಬಿರುಕಿನಿಂದಲೇ ನಮ್ಮ ಕಾಲದ ಹೊಸ ದಂಡನಾಯಕ ನುಗ್ಗಿಬಂದನು. ಕೆಟಮಿನ್ ಹುಟ್ಟಿದ್ದು 1962ರಲ್ಲಿ, ಅರಿವಳಿಕೆಯಾಗಿ. ಯುದ್ಧಭೂಮಿಯಲ್ಲಿಯೂ ತಾಲ್ಲೂಕು ಆಸ್ಪತ್ರೆಯ ಶಸ್ತ್ರಕೋಣೆಯಲ್ಲಿಯೂ ದುಡಿದು ಹಳೆಯದಾಗಿದ್ದ ಮದ್ದು. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದವರು ಬೆರಳೆಣಿಕೆಯ ಖಿನ್ನರೋಗಿಗಳಿಗೆ ಅದನ್ನು ಅರಿವಳಿಕೆಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ದೇಹದ ತೂಕದ ಕಿಲೋಗೆ ಅರ್ಧ ಮಿಲಿಗ್ರಾಂನಂತೆ, 40 ನಿಮಿಷ ಹನಿಹನಿಯಾಗಿ ರಕ್ತನಾಳಕ್ಕೆ ಕೊಟ್ಟರು. ಹಳೆಯ ಮಾತ್ರೆಗಳು ವಾರಗಟ್ಟಲೆ ಕಾಯಿಸುತ್ತಿದ್ದ ನೆಮ್ಮದಿ ಇಲ್ಲಿ ದಿನಗಳಲ್ಲಿ, ಮುಂದಿನ ಅಧ್ಯಯನಗಳಲ್ಲಿ ಗಂಟೆಗಳಲ್ಲಿ ಬಂದಿತು. ಗ್ಲುಟಮೇಟ್ ಎಂಬ ಬೇರೊಂದು ದ್ರವ್ಯದ ಬಾಗಿಲಿನಿಂದ ಒಳಹೊಕ್ಕ ಇದು ಸೆರೊಟೊನಿನ್‌ನ ಹೆಬ್ಬಾಗಿಲನ್ನು ಬಳಸಲೇ ಇಲ್ಲ. ಆದರೆ ಆ ವಿಜಯ ಅಲ್ಪಾಯು: ಕೆಲವು ದಿನಗಳಲ್ಲಿ ಕತ್ತಲು ಮರಳುತ್ತಿತ್ತು; ತನ್ನಿಂದ ತಾನೇ ಬೇರ್ಪಟ್ಟಂಥ ವಿಚಿತ್ರ ಅನುಭವ, ರಕ್ತದೊತ್ತಡದ ಏರಿಕೆ, ಚಟದ ಭಯ ಜೊತೆಗಿದ್ದವು. ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ 2017ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದ ಲೇಖನಮಾಲೆಯಲ್ಲಿ ಇದರ ಪ್ರಮಾಣ, ಮಾರ್ಗ, ಅವಧಿಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದರು. ಬೆಂಗಳೂರಿನ ಮಾತನ್ನು ಜಗತ್ತು ಆಲಿಸಿತು. 2019ರ ಮಾರ್ಚಿನಲ್ಲಿ ಅಮೆರಿಕವು ಇದರ ಸೋದರ ಎಸ್‌ಕೆಟಮಿನ್‌ಗೆ ಮೂಗಿನ ಸಿಂಪಡಣೆಯ ರೂಪದಲ್ಲಿ ಅನುಮತಿಯಿತ್ತಿತು. ಅದೇ ತಿಂಗಳು ಬಾಣಂತಿಯರ ಖಿನ್ನತೆಗೆ 60 ಗಂಟೆ ಹನಿಸಬೇಕಾದ ಬ್ರೆಕ್ಸನೊಲೋನ್, 2023ರಲ್ಲಿ ಅದೇ ಬಗೆಯ, ಗುಳಿಗೆಯಾಗಿ ನುಂಗುವ ಜುರನೊಲೋನ್ ಬಂದವು. ಅಣಬೆಯ ಸಾರ ಸಿಲೋಸಿಬಿನ್‌ನ 25 ಮಿಲಿಗ್ರಾಂ ಒಂದೇ ಪ್ರಮಾಣವನ್ನು 233 ರೋಗಿಗಳ ಪ್ರಯೋಗದಲ್ಲಿ ತೂಗಿ ನೋಡಿದರು. ಆಸ್ಟ್ರೇಲಿಯ 2023ರ ಜುಲೈಯಿಂದ ಅದಕ್ಕೆ ನಿರ್ಬಂಧಿತ ದಾರಿ ತೆರೆಯಿತು. 2024ರ ಆಗಸ್ಟಿನಲ್ಲಿ ಆಘಾತದ ನಂತರದ ಯಾತನೆಗೆ ಎಂಡಿಎಂಎ ಎಂಬ ಅಮಲಿನ ವಸ್ತುವನ್ನು ಔಷಧವಾಗಿ ಒಪ್ಪಬೇಕೆಂದು ಬಂದ ಮನವಿಯನ್ನು ಅಮೆರಿಕವು ತಿರಸ್ಕರಿಸಿತು. ಇಂಥ ಔಷಧ ನುಂಗಿದವನಿಗೆ ತಾನು ನುಂಗಿದ್ದು ಹುಸಿಯೋ ನಿಜವೋ ಎಂದು ಒಡನೆಯೇ ತಿಳಿದುಬಿಡುತ್ತದೆ. 1982ರಲ್ಲಿ ನಮ್ಮವರು ಅಷ್ಟು ಜತನದಿಂದ ಕಟ್ಟಿದ ಕಣ್ಪಟ್ಟಿ ಇಲ್ಲಿ ತಾನೇ ಜಾರುತ್ತದೆ. ಹೊಸ ಔಷಧಗಳ ನಿಜವಾದ ಅಗ್ನಿಪರೀಕ್ಷೆ ಇದೇ.

ನಮ್ಮ ದೇಶದಲ್ಲಿ ಸಿಲೋಸಿಬಿನ್ ಮಾದಕವಸ್ತು ಕಾಯಿದೆಯ ಬೇಲಿಯೊಳಗಿದೆ. ಕೆಟಮಿನ್ ಔಷಧ ನಿಯಮಗಳ ಕಟ್ಟುನಿಟ್ಟಿನ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನ ಕಾವಲಿನಲ್ಲಿದೆ. ಆದರೆ ಈ ಕಥನದ ನಿಜವಾದ ವಿಜಯಶಾಸನವನ್ನು ನಾನು ಕಾಣುವುದು ಬೇರೆಡೆ. ಹೊಸ ಔಷಧಗಳ ಪ್ರಯೋಗದಲ್ಲಿ ಅರಿವಿಲ್ಲದೆ ಸಿಲುಕಿದವರ ದೂರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2013ರಲ್ಲಿ, ರೋಗಿಯ ಸಮ್ಮತಿಯನ್ನು ದೃಶ್ಯ-ಶ್ರವ್ಯವಾಗಿ ದಾಖಲಿಸಬೇಕೆಂಬ ನಿಯಮ ಬಂದಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮನೋರೋಗಿಯ ಮೇಲಿನ ಸಂಶೋಧನೆಗೆ ಅವನದೇ ಮುಕ್ತ, ತಿಳಿದ ಸಮ್ಮತಿ ಬೇಕೆಂದು ವಿಧಿಸಿತು. 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳು ಪ್ರಯೋಗದಲ್ಲಿ ಹಾನಿಯಾದರೆ ಪರಿಹಾರವನ್ನು ಬರೆದಿಟ್ಟವು. ಮುನ್‌ಸ್ಟರ್‌ಲಿಂಗನ್‌ನ ಮೌನ ರೋಗಿಗಳಿಗೆ, ಲಕ್ಕಸಂದ್ರದ ಹೆಸರಿಲ್ಲದ ತಲೆಗಳಿಗೆ, ಭರಣಿ ಬಚ್ಚಿಟ್ಟ ಹೆಂಗಸರಿಗೆ ಸಲ್ಲಬೇಕಾಗಿದ್ದ ಗೌರವವು ತಡವಾಗಿಯಾದರೂ ಅಕ್ಷರರೂಪ ತಾಳಿತು. ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿಳಿದು ಹೊಸೂರು ರಸ್ತೆಯ ಬಸ್ಸು ಹಿಡಿದು ನಿಮ್ಹಾನ್ಸ್‌ನ ಸರದಿಯಲ್ಲಿ ನಿಲ್ಲುವ ನಮ್ಮ ತರುಣ ತರುಣಿಯರ ಮುಂದೆ ಯಾರಾದರೂ ಹೊಸ ಔಷಧದ ಸಮ್ಮತಿಪತ್ರವನ್ನು ಇಟ್ಟರೆ, ಅವರು ಅದನ್ನು ಕನ್ನಡದಲ್ಲಿ ಓದಿಸಿಕೊಳ್ಳಲಿ, ಏನಿದು, ಏನಾಗಬಹುದು, ನಡುವೆ ಬಿಡಬಹುದೇ ಎಂದು ಕೇಳಲಿ. ಆ ಪ್ರಶ್ನೆಗಳನ್ನು ಕೇಳುವ ಹಕ್ಕು ಪೂರ್ವಿಕರ ದೇಹಗಳ ಬೆಲೆಗೆ ದೊರೆತ ಆಸ್ತಿ.

ಯುದ್ಧವಂತೂ ಮುಗಿದಿಲ್ಲ. ನಿಮ್ಹಾನ್ಸ್ ಮುನ್ನಡೆಸಿ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳ ನೂರರಲ್ಲಿ 85 ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಹೊಸ ಔಷಧ ಬರುವ ಮೊದಲು ಹಳೆಯದೇ ಅವರ ಮನೆ ಸೇರಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತು ಕೇಳುವವರಿದ್ದಾರೆ. ಆದರೂ ನಾಚಿಕೆಯ ಕೋಟೆ ಬೀಳುವುದು ನಿಧಾನ. ಈಚೆಗೆ ಬಸವೇಶ್ವರನಗರದ ಒಂದು ಮೆಡಿಕಲ್ ಸ್ಟೋರಿನ ಮುಂದೆ ನಿಂತಿದ್ದೆ. ನಡುವಯಸ್ಸಿನ ಹೆಂಗಸೊಬ್ಬರು ನಾಲ್ಕು ಮಡಿಕೆಯ ಚೀಟಿಯನ್ನು ಚಾಚಿ ‘ಹದಿನೈದು ದಿನಕ್ಕೆ ಸಾಕು ಅಣ್ಣಾ, ಕವರ್‌ನಲ್ಲಿ ಹಾಕ್ಕೊಡಿ’ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅಂಗಡಿಯವರು ಕತ್ತರಿಯಿಂದ ಮಾತ್ರೆಯ ಪಟ್ಟಿಯನ್ನು ಅಳೆದು ಕತ್ತರಿಸುತ್ತಿದ್ದಾಗ ಪಕ್ಕದ ಮನೆಯವರೊಬ್ಬರು ಬಂದು ‘ಯಾರಿಗೆ ಹುಷಾರಿಲ್ಲ?’ ಎಂದರು. ಆ ತಾಯಿ ಒಂದು ಕ್ಷಣ ತಡೆದರು. ಆಮೇಲೆ ಚೀಟಿಯನ್ನು ಮಡಿಸದೆ ಹಾಗೆಯೇ ಕೈಯಲ್ಲಿ ಹಿಡಿದು, ‘ಮಗಳಿಗೆ. ಮನಸ್ಸಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ’ ಎಂದರು. ನನ್ನ ದೊಡ್ಡಮ್ಮನ ಬಾಯಿಂದ ಒಂದು ಇಡೀ ಆಯುಷ್ಯದಲ್ಲಿ ಹೊರಡದೆ ಹೋದ ಮಾತು ಅದು. ಕತ್ತರಿಸಿದ ಪಟ್ಟಿಯ ಬೆಳ್ಳಿಯ ಬೆನ್ನಿನ ಮೇಲೆ ಬ್ಯಾಚಿನ ಅಂಕಿಗಳು ಸಣ್ಣದಾಗಿ ಮಿನುಗುತ್ತಿದ್ದವು, ಹೆಸರು ಕಳೆದುಕೊಂಡು ಅಂಕಿಗಳಾಗಿ ಉಳಿದ ಎಷ್ಟೋ ರೋಗಿಗಳ ಶಾಸನದಂತೆ. ಆ ತಾಯಿ ಅದನ್ನು ಕವರಿಗೆ ಹಾಕಿಸದೆ ಕೈಯಲ್ಲೇ ಹಿಡಿದುಕೊಂಡು ಮನೆಯ ಕಡೆಗೆ ನಡೆದರು.